ಬಲಗಡೆಯ ಹುಡುಗ, ಎಡಗಡೆಯ ಹುಡುಗಿ

ಮೊದಲೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಪ್ರೇಮದ ಕಥೆಯನ್ನು ಬೆಳದಿಂಗಳಿಂದಲೋ ಮಲ್ಲಿಗೆಯಿಂದಲೋ ಶುರು ಮಾಡುವುದು ವಾಡಿಕೆ. ಇದು ಶುರುವಾಗುವುದು ಒಂದು ಚರಂಡಿಯ ಪಕ್ಕದಲ್ಲಿ. ಚರಂಡಿಯನ್ನು ಬಿಟ್ಟು ಹೇಳಲಾದೀತೇ ಎಂದು ಬಹಳ ಯೋಚಿಸಿದ್ದಾಯಿತು, ಆಗಲಿಲ್ಲ. ಅದು ಅಲ್ಲಿರದಿದ್ದರೆ ಇಬ್ಬರೂ ಪಕ್ಕಕ್ಕೆ ಸರಿದು ತಮ್ಮ ತಮ್ಮ ಪಾಡಿಗೆ ಹೋಗಿಬಿಡುತ್ತಿದ್ದರು. ಹೆಚ್ಚು ಬಲ್ಲವರು ಹೇಳಬೇಕಾಗಿದ್ದ ಕಥೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಗುಬ್ಬಿಯ ಚನ್ನೇಶ್ ತುಮಕೂರಿನ ಬಟವಾಡಿಯಲ್ಲಿ ರೂಮು ಮಾಡಿಕೊಂಡು, ಅಲ್ಲಿಂದ ಸ್ವಲ್ಪ ದೂರದ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಕೆಲಸ ಮಾಡುತ್ತಿದ್ದ. ಲೈಸೆನ್ಸ್ ಪರೀಕ್ಷೆಗೆ ಬರುವವರಿಗೆ ರಸ್ತೆಯ ಚಿಹ್ನೆಗಳನ್ನೂ ನಿಯಮಗಳನ್ನೂ ಹೇಳಿಕೊಡುವುದು ಅವನ ಕೆಲಸ. ಅದಕ್ಕೇ ಎಲ್ಲರ ಬಾಯಲ್ಲೂ ‘ಮೇಷ್ಟ್ರು’. ಊರಿಗೆಲ್ಲ ಗಾಡಿ ಕಲಿಸುವ ಸ್ಕೂಲಿನ ಈ ಮೇಷ್ಟ್ರ ಬಳಿ ಒಂದು ಸೈಕಲ್ಲೂ ಇರಲಿಲ್ಲ. ಗಾಡಿ ಎಂದರೆ ಅವನಿಗೆ ಭಯ, ನಿಯಮ ಎಂದರೆ ಭಕ್ತಿ. ಹಾಗಾಗಿ ದಿನಾ ನಡೆದೇ ಹೋಗುತ್ತಿದ್ದ, ರಸ್ತೆಯ ಬಲ ಅಂಚಿನಲ್ಲಿ, ಎದುರಿಗೆ ಬರುವ ಗಾಡಿಗಳ ಮುಖ ನೋಡಿಕೊಂಡು.

ಆ ರಸ್ತೆಗೆ ಫುಟ್‌ಪಾತ್ ಇರಲಿಲ್ಲ ಎಂದಲ್ಲ. ಇತ್ತು. ಅದರ ಮೇಲೆ ಅಡವಿಯಪ್ಪನ ಎಳನೀರಿನ ರಾಶಿ ಇತ್ತು. ರಾಶಿಯ ಮುಂದೆ ಚಪ್ಪಡಿ ಮುರಿದ ಚರಂಡಿ, ಚರಂಡಿಗೂ ರಸ್ತೆಗೂ ನಡುವೆ ಒಬ್ಬರು ಹಿಡಿಯುವಷ್ಟು ಜಾಗ.

ಆ ಜಾಗದಲ್ಲಿ ಒಂದು ಬೆಳಿಗ್ಗೆ ಅವನ ಎದುರಿಗೆ ಒಬ್ಬಳು ಹುಡುಗಿ ಬಂದು ನಿಂತಳು. ಭುಜಕ್ಕೆ ಬ್ಯಾಗು, ಕೈಯಲ್ಲಿ ಊಟದ ಡಬ್ಬಿ, ಮೂಗಿನ ತುದಿಯಲ್ಲಿ ಸಿಟ್ಟು.

“ಸ್ವಲ್ಪ ಜರುಗ್ರೀ.”

“ಎಲ್ಲಿಗೆ ಜರುಗ್ಲಿ? ಈ ಕಡೆ ಚರಂಡಿ, ಆ ಕಡೆ ಲಾರಿ.”

“ನಾನು ಸರಿಯಾಗಿ ಎಡಗಡೆ ಬರ್ತಾ ಇದೀನಿ. ರಾಂಗ್ ಸೈಡಲ್ಲಿ ಬಂದಿರೋರು ನೀವು.”

ಚನ್ನೇಶನ ಎದೆಗೆ ಯಾರೋ ಗುದ್ದಿದ ಹಾಗಾಯಿತು. ಅವನಿಗೆ ಬೇಕಾದಷ್ಟು ಜನ ಬೈದಿದ್ದರು. ಆದರೆ ‘ರಾಂಗ್ ಸೈಡ್’ ಎಂದು ಯಾರೂ ಅಂದಿರಲಿಲ್ಲ.

“ಮೇಡಂ, ಎಡಗಡೆ ಹೋಗ್ಬೇಕಾದ್ದು ಗಾಡಿ. ಫುಟ್‌ಪಾತ್ ಇಲ್ದೆ ಇದ್ರೆ ನಡೆಯೋರು ಬಲಗಡೆ ನಡೀಬೇಕು. ಬರೋ ಗಾಡಿ ಕಣ್ಣಿಗೆ ಕಾಣ್ಬೇಕು. ನಿಮಗೆ ಎಲ್ಲಾ ಬೆನ್ನ ಹಿಂದಿಂದ ಬರ್ತದೆ.”

“ನಮ್ ಸ್ಕೂಲಲ್ಲಿ ಎಡಗಡೆ ನಡೀರಿ ಅಂತಲೇ ಹೇಳ್ಕೊಟ್ಟಿರೋದು.”

“ಯಾವ ಸ್ಕೂಲು?”

“ಕುಣಿಗಲ್‌ದು. ಯಾಕೆ, ಹೋಗಿ ಬೀಗ ಹಾಕಿಸ್ತೀರಾ?”

ರಾಶಿಯ ಹಿಂದಿನಿಂದ ಅಡವಿಯಪ್ಪ ಮಚ್ಚು ಎತ್ತಿಕೊಂಡೇ ತಲೆ ಹೊರಗೆ ಹಾಕಿದ. “ಯಾವ್ದಾದ್ರೂ ಒಂದ್ ಕಡೀಕ್ ಬೀಳ್ರಪ್ಪಾ! ನನ್ ಗಿರಾಕಿ ಬರಾಕ್ ಆಯ್ತಿಲ್ಲ.”

“ನಿಮ್ ರಾಶಿ ಅಲ್ಲಿರೋದ್ರಿಂದ್ಲೇ ಇಷ್ಟೆಲ್ಲಾ ಅಡವಿಯಪ್ಪಣ್ಣ. ಫುಟ್‌ಪಾತ್ ಇರೋದು ನಡೆಯೋರ್ಗೆ.”

“ನಡೀರಿ ಮೇಷ್ಟ್ರೇ, ಯಾರ್ ಬ್ಯಾಡ ಅಂದೋರು? ಕಾಯ್ ಮ್ಯಾಲ್ ನಡೀರಿ.”

ಹುಡುಗಿ ನಕ್ಕುಬಿಟ್ಟಳು. ನಕ್ಕಾಗ ಒಂದೇ ಕೆನ್ನೆಯಲ್ಲಿ ಗುಳಿ ಬಿತ್ತು. ಅದೂ ಎಡಗೆನ್ನೆಯಲ್ಲಿ.

ಎಡಗಡೆಯಲ್ಲೂ ಇಷ್ಟು ಚೆಂದದ್ದು ಇರಬಹುದು ಎಂದು ಚನ್ನೇಶ್ ಅಂದುಕೊಂಡಿರಲಿಲ್ಲ. ಅದನ್ನೇ ನೋಡುತ್ತಾ, ದಾರಿ ಬಿಡಲು ಒಂದು ಹೆಜ್ಜೆ ಬಲಕ್ಕೆ ಸರಿದ. ಬಲಗಾಲು ಮೊಣಕಾಲಿನವರೆಗೆ ಚರಂಡಿಗೆ ಇಳಿಯಿತು.

“ಥ್ಯಾಂಕ್ಸ್,” ಎಂದು ಹೇಳಿ ಅವಳು ಹೊರಟುಹೋದಳು.

ಮರುದಿನವೂ ಅದೇ ಜಾಗ, ಅದೇ ಹೊತ್ತು, ಅದೇ ಜಗಳ. ಅದರ ಮರುದಿನವೂ. ಹೆಸರು ಸಿಂಚನಾ ಎಂದೂ, ಬಟವಾಡಿಯ ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್ ಎಂದೂ, ಸದಾಶಿವನಗರದ ಚಿಕ್ಕಮ್ಮನ ಮನೆಯಲ್ಲಿದ್ದಾಳೆ ಎಂದೂ ಜಗಳದ ನಡುವೆಯೇ ತಿಳಿಯಿತು. ಜಗಳ ಮಾಡುತ್ತಾ ಇಷ್ಟು ವಿಷಯ ತಿಳಿಯಬಹುದಾದರೆ ಜನ ಸುಮ್ಮನೆ ಯಾಕೆ ಮಾತಾಡುತ್ತಾರೋ ಎಂದು ಅವನಿಗೆ ಅನ್ನಿಸಿತು.

ಬರಬರುತ್ತಾ ಅವಳು ದೂರದಿಂದಲೇ ಹುಬ್ಬು ಏರಿಸುತ್ತಿದ್ದಳು. ಅವನು ದೂರದಿಂದಲೇ ತಲೆ ಅಲ್ಲಾಡಿಸುತ್ತಿದ್ದ. ಹತ್ತಿರ ಬಂದ ಮೇಲೆ ಇಬ್ಬರೂ ಬಿಗಿಯಾಗಿ ನಿಲ್ಲುವುದು, ಅಡವಿಯಪ್ಪ ಬೈಯುವುದು, ಕೊನೆಗೆ ಒಬ್ಬರು ರಾಶಿಯ ಕಾಯಿಗಳ ಮೇಲೆ ಕಾಲಿಟ್ಟು ಇನ್ನೊಬ್ಬರಿಗೆ ದಾರಿ ಬಿಡುವುದು. ಹಾಗೆ ದಾಟುವಾಗ ಅವಳ ದುಪಟ್ಟಾದ ತುದಿ ಅವನ ಮುಂಗೈಗೆ ತಾಗಿಯೂ ತಾಗದ ಹಾಗೆ ಹೋಗುತ್ತಿತ್ತು. ಮಧ್ಯಾಹ್ನದವರೆಗೆ ಅವನು ಆ ಕೈಯಲ್ಲಿ ಬೋರ್ಡು ಒರೆಸುತ್ತಿರಲಿಲ್ಲ.

ಒಂದು ದಿನ ಮಾತ್ರ ಜಗಳ ಶುರುವಾಗುವ ಮೊದಲೇ ಅವನ ಮುಖ ಬಿಳಿಚಿಕೊಂಡಿತು. ಅವಳ ಬೆನ್ನ ಹಿಂದೆ ಒಂದು ಗೂಡ್ಸ್ ಆಟೊ ಅಂಚು ಹಿಡಿದು ನುಗ್ಗಿ ಬರುತ್ತಿತ್ತು. ಪಕ್ಕಕ್ಕೆ ಕಬ್ಬಿಣದ ಪೈಪುಗಳು ಚಾಚಿಕೊಂಡಿದ್ದವು. ಅವಳು ಎಂದಿನಂತೆ ಹುಬ್ಬು ಏರಿಸುತ್ತಾ ಬರುತ್ತಿದ್ದಳು.

“ಸಿಂಚನಾ!”

ಮೇಡಂ ಎಂದಿದ್ದವನು ಹೆಸರು ಹಿಡಿದು ಕೂಗಿದ್ದು ಅದೇ ಮೊದಲು. ಕೂಗಿದವನೇ ಮುಂದಕ್ಕೆ ಹಾರಿ ಅವಳ ಬ್ಯಾಗು ಹಿಡಿದು ಎಳೆದ. ಇಬ್ಬರೂ ಎಳನೀರಿನ ರಾಶಿಯ ಮೇಲೆ ಬಿದ್ದರು. ಆಟೊ ನಿಲ್ಲದೆ ಹೋಯಿತು. ಊಟದ ಡಬ್ಬಿ ರಸ್ತೆಯಲ್ಲಿ ಚಪ್ಪಟೆಯಾಗಿ, ಚಿತ್ರಾನ್ನ ಅಲ್ಲೆಲ್ಲಾ ಚೆಲ್ಲಿತ್ತು.

ಅವಳು ಬಹಳ ಹೊತ್ತು ಆ ಚಿತ್ರಾನ್ನವನ್ನೇ ನೋಡಿದಳು. “ಬಂದಿದ್ದೇ ಗೊತ್ತಾಗ್ಲಿಲ್ಲ.”

ಅವನು ಅವಳ ಬ್ಯಾಗಿನ ಧೂಳು ಕೊಡವಿದ.

“ಹೇಳ್ಬಿಡಿ. ‘ನಾನ್ ಹೇಳಿರ್ಲಿಲ್ವಾ’ ಅಂತ.”

“ಹೇಳಲ್ಲ.”

“ಯಾಕೆ?”

“ಇವತ್ತು ನಿಮಗೆ ಊಟ ಇಲ್ಲ.”

ಅವಳು ಚಪ್ಪಟೆಯಾದ ಡಬ್ಬಿಯನ್ನು ಎತ್ತಿ ಬ್ಯಾಗಿಗೆ ಹಾಕಿಕೊಂಡಳು. ಅಡವಿಯಪ್ಪ ಕೆತ್ತಿಕೊಟ್ಟ ಎಳನೀರನ್ನು ಒಂದೇ ಗುಟುಕಿಗೆ ಕುಡಿದು ಎದ್ದು ನಿಂತಳು. “ಆಯ್ತು ಮೇಷ್ಟ್ರೇ. ನೀವ್ ಗೆದ್ರಿ. ನಾಳೆಯಿಂದ ಬಲಗಡೆ ನಡೀತೀನಿ.”

ಅಂದು ಚನ್ನೇಶನ ಪಾಠ ಕೇಳಬೇಕಿತ್ತು. ಪಾದಚಾರಿಗಳ ಹಕ್ಕುಗಳ ಬಗ್ಗೆ ಅವನು ಆಡಿದ ಮಾತಿಗೆ, ಕಾರು ಕಲಿಯಲು ಬಂದಿದ್ದ ಒಬ್ಬ ಗೃಹಸ್ಥರು ಕಾರೇ ಬೇಡವೆಂದು ಎದ್ದು ಹೋದರಂತೆ.

ಮರುದಿನ ಅವನು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಎಳನೀರಿನ ಜಾಗಕ್ಕೆ ಬಂದ. ಯಾರೂ ಇರಲಿಲ್ಲ. ನಿಂತ. ಕಾದ. ಎದುರಿನಿಂದ ಒಂದು ದನ ಬಂತು, ಅದಕ್ಕೂ ದಾರಿ ಬಿಟ್ಟ. ಆಮೇಲೆ ರಸ್ತೆಯ ಆಚೆ ಮಗ್ಗುಲಿಗೆ ಕಣ್ಣು ಹೋಯಿತು.

ಡಿವೈಡರಿನ ಆಚೆ, ಪಂಕ್ಚರ್ ಅಂಗಡಿಯ ಮುಂದೆ, ಸಿಂಚನಾ ನಡೆದುಹೋಗುತ್ತಿದ್ದಳು. ತನ್ನ ಬಲಗಡೆಯಲ್ಲಿ, ಅಂಚಿನಲ್ಲಿ, ಎದುರಿಗೆ ಬರುವ ಗಾಡಿಗಳನ್ನು ನೋಡಿಕೊಂಡು. ಒಂದು ತಪ್ಪಿಲ್ಲ.

ಅವಳು ಕೈ ಬೀಸಿದಳು. ಅವನೂ ಬೀಸಿದ. ಬೀಸುವಾಗಲೇ ಅವನಿಗೆ ಎಲ್ಲಾ ಅರ್ಥವಾಯಿತು. ಎದುರುಬದುರು ಬರುವ ಇಬ್ಬರೂ ತಮ್ಮ ತಮ್ಮ ಬಲಕ್ಕೆ ನಡೆದರೆ, ನಡುವೆ ಒಂದಿಡೀ ರಸ್ತೆ ಇರುತ್ತದೆ. ವರ್ಷಗಟ್ಟಲೆ ಈ ನಿಯಮ ಕಲಿಸಿದ್ದ. ಅದರಲ್ಲಿ ಇಂಥದ್ದೊಂದು ಇದೆ ಎಂದು ಹೊಳೆದೇ ಇರಲಿಲ್ಲ.

“ಕಲ್ಸಿದ್ರಲ್ಲ ಮೇಷ್ಟ್ರೇ,” ಅಂದ ಅಡವಿಯಪ್ಪ, ಕಾಯಿಯ ತಲೆ ಹಾರಿಸುತ್ತಾ, “ಅನುಬವ್ಸಿ.”

ಅಂದಿನಿಂದ ಅವರ ಮಾತೆಲ್ಲ ಲಾರಿಗಳ ಸಂದಿಯಲ್ಲಿ. “ತಿಂಡಿ ಆಯ್ತಾ?” ಎಂದು ಅವನು ಕೂಗಿದರೆ ‘ಆಯ್ತಾ’ ಒಂದು ಟೆಂಪೊ ಪಾಲಾಗುತ್ತಿತ್ತು. ಅವಳು ಏನೋ ಹೇಳಿ ನಗುತ್ತಿದ್ದಳು. ಎಡಗೆನ್ನೆಯ ಗುಳಿ ಅಷ್ಟು ದೂರಕ್ಕೆ ಕಾಣುತ್ತಿರಲಿಲ್ಲ. ಅದು ಇದೆ ಎಂಬ ನಂಬಿಕೆಯ ಮೇಲೆ ಅವನು ದಿನ ದೂಡುತ್ತಿದ್ದ.

ದಾಟಿ ಹೋಗಬಾರದೇ ಎಂದು ನೀವು ಕೇಳಬಹುದು. ಅಲ್ಲೇ ಡಿವೈಡರು ಬಿಟ್ಟ ಜಾಗದಲ್ಲಿ ಜೀಬ್ರಾ ಪಟ್ಟಿಯೂ ಇತ್ತು, ಬಣ್ಣ ಮಾಸಿದ್ದರೂ. ಆದರೆ ಚನ್ನೇಶ್ ಅಂಜುಬುರುಕ. ಎದುರಿಗೆ ಸಿಕ್ಕರೆ ಜಗಳವಾಡಬಹುದು. ಅವಳಿಗಾಗಿಯೇ ರಸ್ತೆ ದಾಟಿ ಹೋದರೆ, ಯಾಕೆ ಬಂದಿರಿ ಎಂದಾಗ ಏನು ಹೇಳುವುದು?

ಒಂದು ಗುರುವಾರ ಅವಳು ಆಚೆಯಿಂದ ಉದ್ದಕ್ಕೆ ಏನೋ ಕೂಗಿದಳು. ಅವನಿಗೆ ಕೇಳಿಸಲಿಲ್ಲ. ಅಡವಿಯಪ್ಪನ ಕಿವಿ ಚುರುಕು.

“ಅವ್ರಣ್ಣ ಸ್ಕೂಟಿ ಕೊಡುಸ್ತಾವ್ನಂತೆ. ಸೋಮ್ವಾರದಿಂದ ನಡೆಯಾಕಿಲ್ವಂತೆ.”

ಚನ್ನೇಶನಿಗೆ ತಕ್ಷಣ ಒಂದು ಆಸೆ ಹುಟ್ಟಿತು. ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಕೂಗಿದ: “ಲೈಸೆನ್ಸ್ ಬೇಕಲ್ಲಾ! ನಮ್ ಸ್ಕೂಲಿಗೆ ಬನ್ನಿ!”

ಉತ್ತರ ಅಡವಿಯಪ್ಪನ ಮೂಲಕ ಬಂತು. “ಕಾಲೇಜ್‌ನಾಗೇ ಮಾಡ್ಸವ್ಳಂತೆ.”

“ಲೈಸೆನ್ಸ್ ಇದ್ದೂ ಎಡಗಡೆ ನಡೀತಿದ್ರಾ?”

“‘ಅದು ಓಡ್ಸಾಕೆ, ನಡೆಯಾಕಲ್ಲ’ ಅಂತವ್ಳೆ. ಸಾಕ್ ಮಾಡಿ ಮೇಷ್ಟ್ರೇ, ನನ್ ಗಂಟ್ಲು ಒಣಗ್ತು.” ಅಡವಿಯಪ್ಪ ಮಚ್ಚು ಕೆಳಗಿಟ್ಟ. “ಅಲ್ಲಾ, ಸ್ಕೂಟಿ ಏರಿದ್ ಮ್ಯಾಲೆ ನೀವ್ ಯಾವ್ ಮಗ್ಗುಲಾಗ್ ನಿಂತ್ರೂ ಒಂದೇಯ. ಝುಮ್ ಅಂತ ಹೊಂಟೋಯ್ತಾಳೆ. ಏನಾರ ಹೇಳೋದಿದ್ರೆ ಶನಿವಾರದೊಳ್ಗೇ ಹೇಳ್ಬುಡಿ.”

ಶುಕ್ರವಾರ ಅವನು ಬಾಯಿ ತೆರೆದ. ಸಿಮೆಂಟಿನ ಲಾರಿಗಳ ಒಂದು ಸಾಲೇ ಹೋಯಿತು. ಮುಚ್ಚಿದ.

ಶನಿವಾರ ಬೆಳಿಗ್ಗೆ ಚನ್ನೇಶ್ ತನ್ನ ಬದುಕಿನಲ್ಲಿ ಎಂದೂ ಮಾಡದ ಕೆಲಸ ಮಾಡಿದ. ರೂಮಿನಿಂದ ಹೊರಟವನು ಎಡಗಡೆಗೆ ಹೋದ. ಪಂಕ್ಚರ್ ಅಂಗಡಿಯ ಮಗ್ಗುಲಿಗೆ.

ಪ್ರತಿಯೊಂದು ಗಾಡಿಯೂ ಬೆನ್ನ ಹಿಂದಿನಿಂದ ಬರುತ್ತಿತ್ತು. ಹೆಜ್ಜೆಗೊಮ್ಮೆ ತಿರುಗಿ ನೋಡುತ್ತಾ, ಒಮ್ಮೆ ಲೈಟು ಕಂಬಕ್ಕೂ ಒಮ್ಮೆ ಹಳೇ ಟೈರಿಗೂ ಡಿಕ್ಕಿ ಹೊಡೆಯುತ್ತಾ ನಡೆದ. ಇವತ್ತು ಎದುರಿಗೆ ಬರುತ್ತಾಳೆ. ಬಂದೇ ಬರುತ್ತಾಳೆ. ಎದುರಿಗೆ ಬಂದರೆ ಹೇಳಿಬಿಡುವುದು.

ಬರಲಿಲ್ಲ.

ಪಂಕ್ಚರ್ ಅಂಗಡಿ ದಾಟಿದರೂ ಬರಲಿಲ್ಲ. ಅವನು ಹತಾಶನಾಗಿ ನಿಂತು, ಅಭ್ಯಾಸಬಲದಿಂದ ರಸ್ತೆಯ ಆಚೆ ನೋಡಿದ.

ಅಲ್ಲಿ ಎಳನೀರಿನ ರಾಶಿಯ ಪಕ್ಕ, ಹಳೆಯ ಜಾಗದಲ್ಲಿ, ಸಿಂಚನಾ ನಿಂತಿದ್ದಳು. ಕೈಯಲ್ಲಿ ಕೆತ್ತಿದ ಕಾಯಿ ಹಿಡಿದು ಬಟವಾಡಿಯ ಕಡೆಗೆ ಕತ್ತು ಚಾಚಿ ನೋಡುತ್ತಿದ್ದಳು. ಮತ್ತೆ ಎಡಗಡೆಗೆ ಬಂದಿದ್ದಳು. ಅವನು ಬಲಗಡೆ ಬರುತ್ತಾನೆಂದು.

ಅಡವಿಯಪ್ಪ ಅವನನ್ನು ತೋರಿಸಿದ. ಅವಳು ತಿರುಗಿದಳು. ಇಬ್ಬರೂ ನೋಡಿದರು. ನಡುವೆ ಮತ್ತದೇ ರಸ್ತೆ. ಅಡವಿಯಪ್ಪ ರಾಶಿಯ ಮೇಲೆ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡು ನಕ್ಕ.

ಚನ್ನೇಶ್ ಜೀಬ್ರಾ ಪಟ್ಟಿಗೆ ಬಂದ. ಅವಳೂ ಬಂದಳು. ಅವನು ಗಾಡಿಗಳಿಗೆ ಅಂಗೈ ತೋರಿಸಿ ಕೈ ಎತ್ತಿದ. ಅವಳೂ ಎತ್ತಿದಳು. ಬಲಕ್ಕೆ ನೋಡಿ, ಎಡಕ್ಕೆ ನೋಡಿ, ಮತ್ತೆ ಬಲಕ್ಕೆ ನೋಡಿ ಅವನು ಇಳಿದ. ಬೈಕೊಂದು ಗುರ್ ಎಂದು ನಿಂತಿತು. ಆಚೆ ಕಡೆ ಒಂದು ಸಿಟಿ ಬಸ್ಸು ಉಸಿರು ಬಿಡುತ್ತಾ ನಿಂತಿತು. ಡಿವೈಡರು ಬಿಟ್ಟ ಜಾಗದಲ್ಲಿ ಇಬ್ಬರೂ ಎದುರುಬದುರಾದರು.

“ಏನ್ ಮೇಷ್ಟ್ರೇ, ರಾಂಗ್ ಸೈಡಲ್ಲಿ?”

“ನೀವೂ.”

“ನಂಗೆ ಎಳ್ನೀರ್ ಬೇಕಿತ್ತು.”

“ಕುಡಿದೇ ಇಲ್ವಲ್ಲ.”

ಅವಳು ಕೈಯಲ್ಲಿದ್ದ ಕಾಯಿಯನ್ನು ಈಗ ನೋಡಿದವಳಂತೆ ನೋಡಿದಳು. ಕಿವಿಯವರೆಗೆ ಕೆಂಪಾದಳು. “ಹೇಳೋದೇನಾದ್ರೂ ಇದ್ರೆ ಬೇಗ ಹೇಳಿ. ಬಸ್ ಕಾಯ್ತಾ ಇದೆ.”

ಅವನು ರಾತ್ರಿಯೆಲ್ಲಾ ಕಟ್ಟಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. “ಸ್ಕೂಟಿ... ಹೆಲ್ಮೆಟ್ ಹಾಕ್ಕೊಳ್ಳಿ. ಕ್ಲಿಪ್ ಹಾಕ್ಲೇಬೇಕು.”

“ಅಷ್ಟೇನಾ?”

“ಇಂಡಿಕೇಟರ್...”

“ಚನ್ನೇಶ್.”

ಅವಳ ಬಾಯಲ್ಲಿ ತನ್ನ ಹೆಸರು ಕೇಳಿದ್ದೇ ಅವನ ಭಯ ಎಲ್ಲೋ ಇಳಿದುಹೋಯಿತು. “ನೀವು ಎದುರಿಗೆ ಬರ್ದೆ ಇದ್ರೆ ನಂಗೆ ಬೆಳಗಾದಂಗೇ ಅನ್ಸಲ್ಲ. ನಿಯಮ ಸರಿಯಾಗೇ ಇದೆ. ಆದ್ರೆ ನಂಗೆ ಅದು ಬೇಡ. ಅಂದ್ರೆ, ಬೇಕು. ನಿಮ್ಮನ್ನೂ ಬಿಟ್ಟು ಬೇಡ.”

“ಇದನ್ನ ಹೇಳೋಕೆ ಇಷ್ಟು ಟ್ರಾಫಿಕ್ ಬೇಕಿತ್ತಾ?” ಅಂದಳು ಸಿಂಚನಾ. ಎಡಗೆನ್ನೆಯಲ್ಲಿ ಗುಳಿ ಬಿತ್ತು. ಅಷ್ಟು ಹತ್ತಿರದಿಂದ ನೋಡಿ ಅವನಿಗೆ ತಲೆ ತಿರುಗಿತು. “ಎದುರಿಂದ ಬರೋದು ಸಾಕಾಯ್ತು ಕಣ್ರೀ. ಒಂದೇ ಕಡೆಗೆ ನಡೆಯೋಣ.”

ಬಸ್ಸಿನ ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿದ. “ದಾಟ್ತೀರೇನ್ರಪ್ಪಾ, ಇಲ್ಲಾ ಅಲ್ಲೇ ಸಂಸಾರ ಹೂಡ್ತೀರಾ?”

ಅವಳು ಅವನ ಕೈ ಹಿಡಿದು ದಾಟಿಸಿದಳು. ಬಸ್ಸಿನೊಳಗಿನಿಂದ ಯಾರೋ ಸಿಳ್ಳೆ ಹಾಕಿದರು.

ಸೋಮವಾರ ಸ್ಕೂಟಿ ಬಂತು. ಈಗ ಅದರಲ್ಲಿ ಚಿಕ್ಕಮ್ಮ ತರಕಾರಿಗೆ ಹೋಗುತ್ತಾರೆ, ಹೆಲ್ಮೆಟ್ ಹಾಕಿಕೊಂಡು, ಕ್ಲಿಪ್ಪೂ ಹಾಕಿಕೊಂಡು. ಚನ್ನೇಶ್ ಬೆಳಿಗ್ಗೆ ಬೇಗ ಎದ್ದು ಸದಾಶಿವನಗರದ ತಿರುವಿನವರೆಗೆ ಹೋಗಿ, ಸಿಂಚನಾಳ ಜೊತೆ ಕ್ಲಿನಿಕ್ಕಿನವರೆಗೆ ನಡೆದು, ಆಮೇಲೆ ಸ್ಕೂಲಿಗೆ ವಾಪಸು ನಡೆಯುತ್ತಾನೆ. ದಾರಿ ಕಿರಿದಾದಲ್ಲಿ ಒಬ್ಬರ ಹಿಂದೆ ಒಬ್ಬರು. ಅವನು ಮುಂದೆ ನಡೆಯುತ್ತಾ ತಿರುಗಿ ತಿರುಗಿ ಮಾತಾಡುತ್ತಾನೆ. “ಮುಂದೆ ನೋಡ್ಕೊಂಡ್ ನಡೀರಿ!” ಎಂದು ಅವಳು ಬೈಯುತ್ತಾಳೆ.

ಜೀಬ್ರಾ ಪಟ್ಟಿ ದಾಟಿ ಎಳನೀರಿನ ಜಾಗಕ್ಕೆ ಬಂದರೆ ಮಾತ್ರ ಜೊತೆಜೊತೆಯಾಗಿ ನಡೆಯಬಹುದು. ಅಡವಿಯಪ್ಪ ತನ್ನ ರಾಶಿಯನ್ನು ಹಿಂದಿನ ಖಾಲಿ ಸೈಟಿಗೆ ಸರಿಸಿದ್ದಾನೆ. ಚರಂಡಿಯ ಮುರಿದ ಚಪ್ಪಡಿಯ ಮೇಲೆ ಎಲ್ಲಿಂದಲೋ ಒಂದು ಕಲ್ಲು ತಂದು ಹಾಕಿದ್ದಾನೆ. ಫುಟ್‌ಪಾತ್ ಈಗ ಎರಡಾಳು ನಡೆಯುವಷ್ಟಿದೆ. ಕೇಳಿದರೆ, “ಬಿಸ್ಲು ಬೀಳ್ತಿತ್ತು ಬುಡಿ,” ಅನ್ನುತ್ತಾನೆ.

ಕುಣಿಗಲ್ಲಿಗೂ ಗುಬ್ಬಿಗೂ ಮಾತು ಹೋಗಿ, ಮಾತು ಬಂದು, ಎರಡೂ ಮನೆಯವರು ಒಪ್ಪಿದ್ದೂ ಆಯಿತು. ಜಗಳ ಮಾತ್ರ ಒಂದು ಉಳಿದಿದೆ. ಆ ಶನಿವಾರ ಜೀಬ್ರಾ ಪಟ್ಟಿಯಲ್ಲಿ ಮೊದಲು ಕೈ ಎತ್ತಿದ್ದು ಅವಳು ಎಂದು ಅವನು, ಅವನು ಎಂದು ಅವಳು. ಅವನು ಎತ್ತಿದ ಎಂದು ಮೇಲೆ ಬರೆದದ್ದು ಅವಳ ಮಾತು ನಂಬಿ. ಅಡವಿಯಪ್ಪನನ್ನು ಕೇಳಿದರೆ, ನಗುವಿನಲ್ಲಿ ಕಣ್ಣು ಮಂಜಾಗಿತ್ತು, ಕಾಣಲಿಲ್ಲ ಅನ್ನುತ್ತಾನೆ. ನಿಜಕ್ಕೂ ಯಾರ ಕೈ ಮೊದಲು ಮೇಲೆ ಹೋಯಿತೋ, ಕಥೆ ಹೇಳಿದವರಿಗೂ ಗೊತ್ತಿಲ್ಲ.