ಹೆಸರಿಲ್ಲದ ಹತ್ತು ಕಾಗದ

ಕೆಂಪವ್ವ ತಗಡಿನ ಟ್ರಂಕನ್ನು ತಲೆಯ ಮೇಲೆ ಹೊತ್ತುಕೊಂಡೇ ಯಾಕೂಬನ ಗಡಿಯಾರದ ಅಂಗಡಿಗೆ ಬಂದಳು. ಅದು 1993ರ ಜೂನ್ 16, ಬುಧವಾರ. ಟ್ರಂಕನ್ನು ಇಳಿಸಿ, ಬೆಂಚಿನ ಮೇಲೆ ಪತ್ರಿಕೆ ಓದುತ್ತಿದ್ದ ಅಪ್ಪಾಸಾಬರ ಮುಂದೆ ನಿಂತಳು.

"ಅಣ್ಣಾರ, ನನ್ನ ಹತ್ತು ಕಾಗದ ಹೋಗ್ಯಾವ್ರಿ."

ಅಪ್ಪಾಸಾಬರು ಅಂಚೆ ಕಚೇರಿಯ ಉಳಿತಾಯ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ನಿಪ್ಪಾಣಿಯಲ್ಲಿ ಏನು ಕಳೆದರೂ ಜನ ಮೊದಲು ಅವರನ್ನು ಹುಡುಕಿಕೊಂಡು ಈ ಅಂಗಡಿಗೆ ಬರುತ್ತಿದ್ದರು. ಯಾಕೂಬನಿಗೂ ಅದು ಬೇಕಾಗಿತ್ತು. ಕೆಟ್ಟ ಗಡಿಯಾರ ಬಿಚ್ಚುವಾಗ ಹುಟ್ಟುವ ಕುತೂಹಲವೇ ಅವನನ್ನು ಅವರ ಹಿಂದೆ ತಿರುಗಿಸುತ್ತಿತ್ತು.

ಅಪ್ಪಾಸಾಬರು ಟ್ರಂಕು ತೆರೆದರು. ತಂಬಾಕಿನ ವಖಾರದಲ್ಲಿ, ಅಂದರೆ ಗೋದಾಮಿನಲ್ಲಿ, ಎಲೆ ಆರಿಸುವ ಕೆಲಸ ಕೆಂಪವ್ವನದು. ಕಾಗದಕ್ಕೆ ಹುಳ ಹತ್ತದಿರಲೆಂದು ಒಣ ತಂಬಾಕಿನ ಎಲೆಗಳ ನಡುವೆ ಅವನ್ನು ಇಟ್ಟಿದ್ದಳು. ಜೀವವಿಮೆಯ ಬಾಂಡು ಇತ್ತು. ಎರಡು ರಾಷ್ಟ್ರೀಯ ಉಳಿತಾಯ ಪತ್ರಗಳಿದ್ದವು. ಅಂಚೆ ಕಚೇರಿಯ ಹತ್ತು ಇಂದಿರಾ ವಿಕಾಸ ಪತ್ರಗಳು ಮಾತ್ರ ಇರಲಿಲ್ಲ.

"ಐನೂರು ಕೊಟ್ಟರ ಐದು ವರ್ಷಕ್ಕ ಸಾವಿರ ಅಂದಿದ್ರು. ಗಂಡ ತೀರಿದಾಗ ವಖಾರದವರು ಕೊಟ್ಟ ರೊಕ್ಕ ಎಲ್ಲಾ ಅದಕ್ಕ ಹಾಕೀನ್ರಿ. ಮಗಳ ನರ್ಸಿಂಗ್ ಫೀ ಒಂಬತ್ತು ಸಾವಿರ, ಮುಂದಿನ ವಾರ ಗುರುವಾರದೊಳಗ ಮಿರಜಿನ ಕಾಲೇಜಿಗೆ ಕಟ್ಟಬೇಕು. ಕಟ್ಟಲಿಲ್ಲಂದ್ರ ಸೀಟು ಇನ್ನೊಬ್ಬಾಕಿಗೆ."

"ಕಳದಾವಂತ ಅರ್ಜಿ ಕೊಟ್ಟರ ಬ್ಯಾರೆ ಕಾಗದ ಕೊಡೂದಿಲ್ಲೇನ್ರಿ?" ಯಾಕೂಬ ಕೇಳಿದ.

"ಉಳಿತಾಯ ಪತ್ರ ಕಳದ್ರ ಕೊಡತಾರ, ಅದರ ಮ್ಯಾಲ ಹೆಸರು ಇರತೈತಿ. ವಿಮಾ ಬಾಂಡಿನ ಮಾತೂ ಹಂಗ. ವಿಕಾಸ ಪತ್ರಕ್ಕ ಹೆಸರೇ ಇಲ್ಲ ಯಾಕೂಬ, ನೋಟಿದ್ದಂಗ. ಯಾರ ಕೈಯಾಗ ಐತೋ ಅವರದು." ಅಪ್ಪಾಸಾಬರು ಟ್ರಂಕಿನ ಮುಚ್ಚಳ ಹಾಕಿದರು. "ಕೆಂಪವ್ವ, ಈ ವಾರ ಮನ್ಯಾಗ ಯಾರ ಬಂದಿದ್ರು?"

ಮೂವರು ಬಂದಿದ್ದರು. ಪಕ್ಕದ ಕೋಣೆಯಲ್ಲೇ ಇರುವ ಮೈದುನ ಮಾಳಸಿದ್ದ, ವಖಾರದ ಹಮಾಲ. ಈ ಪತ್ರಗಳನ್ನು ಮಾರಿದ್ದ ಅಂಚೆ ಉಳಿತಾಯದ ಏಜೆಂಟ ಉತ್ತಮ. ಶನಿವಾರ ಮಗಳ ಅರ್ಜಿ ತುಂಬಿಕೊಡಲು ಬಂದಿದ್ದ ಭೂಪಾಲ, ವಖಾರದ ಲೆಕ್ಕ ಬರೆಯುವ ದಿವಾನಜಿ.

ಮಾಳಸಿದ್ದ ಅಂದೇ ಸಂಜೆ ಸಿಟ್ಟಿನಿಂದ ಬಂದ. "ವೈನಿ ಮೊದಲ ನನ್ನ ಹೆಸರ ಹೇಳಿರಬೇಕು! ನಾ ಕುಡೀತೀನಿ, ಖರೆ. ಕಾಗದ ಕುಡಿಯಾಕ ಬರತೈತೇನ್ರಿ? ನನಗ ಬಸ್ಸಿನ ಬೋರ್ಡ ಸೈತ ಓದಾಕ ಬರೂದಿಲ್ಲ. ಮೋಸ ನೋಡಬೇಕಂದ್ರ ವಖಾರಕ್ಕ ಬರ್ರಿ. ಚೀಲ ಒಂದ ದಿನ ಇಟ್ಟರೂ ತಿಂಗಳ ಬಾಡಿಗಿ ಹಚ್ಚತಾರ!"

ಉತ್ತಮನ ಮುಖ ಇಳಿದಿತ್ತು. "ಊರಾಗೆಲ್ಲಾ ನಾನ ಕದ್ದೀನಿ ಅನ್ನಾಕತ್ತಾರ್ರಿ. ಹೊಸಾ ಗಿರಾಕಿ ಒಬ್ಬರೂ ಬರವಲ್ಲರು."

ಭೂಪಾಲ ವಿನಯದಿಂದ ಮಾತಾಡಿದ. ಅರ್ಜಿಗೆ ವಿವರ ಬೇಕಿತ್ತು, ಕೆಂಪವ್ವನೇ ಕಾಗದಗಳನ್ನು ತೆಗೆದುಕೊಟ್ಟಳು, ಒಂದೊಂದನ್ನೂ ಓದಿ ಹೇಳಿದೆ, ಅಷ್ಟೇ ಎಂದ.

ಗುರುವಾರ ಬೆಳಿಗ್ಗೆ ಅಪ್ಪಾಸಾಬರು ಯಾಕೂಬನನ್ನು ಕರೆದುಕೊಂಡು ಚಿಕ್ಕೋಡಿಯ ಬಸ್ಸು ಹತ್ತಿದರು. "ನಿಪ್ಪಾಣಿ ಅಂಚೆ ಕಚೇರ್ಯಾಗ ಈ ಮೂವರನ್ನೂ ಗುರುತಿಸತಾರ. ಕದ್ದಾಂವ ಹೊರಗ ಹೋಗಿರಬೇಕು" ಎಂಬುದು ಅವರ ತರ್ಕ.

ಚಿಕ್ಕೋಡಿಯ ಅಂಚೆ ಗುಮಾಸ್ತನಿಗೆ ಸೋಮವಾರದ ಗಿರಾಕಿ ಚೆನ್ನಾಗಿ ನೆನಪಿದ್ದ. "ಮುಖ ನೋಡಲಿಲ್ರಿ, ಗದ್ದಲ ಭಾಳ ಇತ್ತು. ಆದ್ರ ಕಾಗದ ಕೈಗೆ ತಗೊಂಡಿದ್ದ ತಡ, ಏಳು ಸಲ ಸೀನೇನಿ! ತಂಬಾಕಿನ ಘಾಟು. ಅದರ ಮ್ಯಾಲ ನಿಪ್ಪಾಣಿ ಸಿಕ್ಕಾ, 21 ಜೂನ್ 88. ಇನ್ನೂ ಒಂದ ವಾರ ಐತಿ, ಅವಧಿ ಮುಗಿದ ಮ್ಯಾಲ ಬರ್ರಿ ಅಂದೆ. ಅಂವಾ ವಾದಕ್ಕ ನಿಂತ. ಜೂನ್ ಶುರು ಆಗೇತಲ್ಲ, ಪೂರಾ ತಿಂಗಳು ಹಿಡೀರಿ ಅಂದ!"

ಅಪ್ಪಾಸಾಬರು ಹೊರಗೆ ಬಂದು ಜೋರಾಗಿ ನಕ್ಕರು. ಯಾಕೂಬನಿಗೆ ನಗುವಂಥದ್ದೇನೂ ಕಾಣಲಿಲ್ಲ. ಅವನು ತನ್ನ ಅಂಗಿಯ ತೋಳನ್ನು ಮೂಸಿ ನೋಡಿದ. ಹುಟ್ಟಿದಾರಭ್ಯ ನಿಪ್ಪಾಣಿಯಲ್ಲಿದ್ದವನಿಗೆ ಯಾವ ಘಾಟೂ ಬರಲಿಲ್ಲ.

ಭಾನುವಾರ ಮಧ್ಯಾಹ್ನ ಮೂವರೂ ಕೆಂಪವ್ವನೂ ಗಡಿಯಾರದ ಅಂಗಡಿಯಲ್ಲಿ ಕೂತಿದ್ದರು. ಯಾಕೂಬ ಬಾಗಿಲು ಮುಂದೆ ಮಾಡಿ ಅದಕ್ಕೇ ಒರಗಿ ನಿಂತ.

"ಟ್ರಂಕಿನಾಗ ಮೂರು ನಮೂನಿ ಕಾಗದ ಇದ್ದವು," ಅಪ್ಪಾಸಾಬರು ಶುರುಮಾಡಿದರು. "ಹೆಸರಿದ್ದವು ಉಳದಾವ, ಹೆಸರಿಲ್ಲದ್ದಷ್ಟ ಹೋಗ್ಯಾವ. ಕದ್ದಾಂವಗ ಓದಾಕ ಬರತೈತಿ. ಮಾಳಸಿದ್ದ, ನೀ ಆರಾಮ ಕೂಡು."

"ನಾ ಶಾಲೆ ಬಿಟ್ಟಿದ್ದು ಇವತ್ತ ಉಪಯೋಗಾತು," ಎಂದ ಮಾಳಸಿದ್ದ.

"ಉತ್ತಮನ ಮ್ಯಾಲ ನನಗೂ ಸಂಶೇ ಇತ್ತು. ಆದ್ರ ಕದ್ದಾಂವ ಸೋಮವಾರನ ಚಿಕ್ಕೋಡಿಗೆ ಹೋಗ್ಯಾನ. ಅವಧಿ ಮುಗಿಯೂಕಿಂತ ಒಂದ ದಿನ ಮೊದಲೂ ರೊಕ್ಕ ಸಿಗೂದಿಲ್ಲಂತ ಈ ಪತ್ರ ಮಾರೂ ಏಜೆಂಟಗ ಗೊತ್ತಿರೂದಿಲ್ಲೇನು? ಕದ್ದಾಂವ ಅಲ್ಲಿ ಏನಂದ? ತಿಂಗಳು ಶುರು ಆಗೇತಿ, ಪೂರಾ ಹಿಡೀರಿ ಅಂದ. ಚೀಲ ಒಂದ ದಿನ ಇದ್ದರೂ ತಿಂಗಳ ಬಾಡಿಗಿ ಬರಿಯೂ ಕೈ ಯಾರದು, ಭೂಪಾಲ?"

ಭೂಪಾಲ ಬೆವರು ಒರೆಸಿಕೊಂಡ. ಆಮೇಲೆ ತಟ್ಟನೆ ತಲೆಯೆತ್ತಿದ. "ಕಾಗದಕ್ಕ ಹೆಸರೇ ಇಲ್ಲ ಅಂತೀರಿ. ನನ್ನ ಕಡೆ ಹತ್ತು ಸಿಕ್ಕರೂ ಅವು ಈಕಿವಂತ ಹೆಂಗ ಹೇಳತೀರಿ?"

ಯಾಕೂಬ ಅಪ್ಪಾಸಾಬರ ಕಡೆ ನೋಡಿದ. ಕೆಂಪವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಉತ್ತಮ ಜೇಬಿನಿಂದ ಹಳೆಯ ಡೈರಿಯೊಂದನ್ನು ತೆಗೆದ. "ಹೆಸರ ಇಲ್ಲರಿ, ನಂಬರ್ ಐತಿ. ಮಾರಿದ ಒಂದೊಂದು ಪತ್ರದ ನಂಬರನ್ನೂ ಕಮಿಷನ್ ಸಲುವಾಗಿ ನಾ ಬರದಿಡತೀನಿ. ಕೆಂಪವ್ವನ ಹೆಸರಿನ ಮುಂದ ಹತ್ತೂ ಅದಾವ."

"ಆ ಹತ್ತು ನಂಬರ್ ಶುಕ್ರವಾರನ ಚಿಕ್ಕೋಡಿ, ರಾಯಬಾಗ, ಅಥಣಿ, ಎಲ್ಲಾ ಕಡೆ ಮುಟ್ಟ್ಯಾವ," ಎಂದರು ಅಪ್ಪಾಸಾಬರು. "ನಾಳೆ ಯಾರ ತಂದರೂ ಎಲ್ಲಿಂದ ಬಂತಂತ ಕೇಳತಾರ. ನೀ ಏನ ಹೇಳತಿ?"



"ಮಟಕಾ ಜೂಜಿನಾಗ ರೊಕ್ಕ ಭಾಳ ಹೋಗಿತ್ರಿ," ಭೂಪಾಲ ನೆಲ ನೋಡುತ್ತ ಹೇಳಿದ. "ವಖಾರದ ಕಪಾಟದಾಗ ಅದಾವ."

ಮಾಳಸಿದ್ದ ಅವನ ಜೊತೆಗೇ ಹೋಗಿ, ಅರ್ಧ ಗಂಟೆಯಲ್ಲಿ ಪತ್ರಗಳನ್ನು ತಂದ. ಕೆಂಪವ್ವ ಎರಡು ಸಲ ಎಣಿಸಿದಳು. ಹತ್ತೂ ಇದ್ದವು.

"ಊರಾಗ ಹೇಳಬ್ಯಾಡ ಅಕ್ಕಾ," ಭೂಪಾಲ ಕೈಮುಗಿದ.

"ಹೇಳತೀನಿ," ಎಂದಳು ಕೆಂಪವ್ವ. "ವಖಾರದಾಗ ನನ್ನಂಥಾಕೇರು ನಲವತ್ತು ಮಂದಿ ಅದಾರ. ಎಲ್ಲಾರೂ ಕಾಗದ ನಿನ್ನ ಕೈಯಾಗ ಓದಸ್ತಾರ. ನಾ ಬಾಯಿ ಮುಚ್ಚಿದ್ರ ನಾಳೆ ಅವರದು ಹೋಗತೈತಿ." ಅಪ್ಪಾಸಾಬರ ಕಡೆ ತಿರುಗಿದಳು. "ಅಣ್ಣಾರ, ನೀವು ಬಂದು ಓದಿ ಹೇಳ್ರಿ."

ಸೋಮವಾರ ಹತ್ತು ಸಾವಿರ ಕೈಗೆ ಬಂತು. ಒಂಬತ್ತು ಸಾವಿರ ಹಿಡಿದುಕೊಂಡು ಮಗಳು ಮಿರಜಿನ ಬಸ್ಸು ಹತ್ತಿದಳು. ಉಳಿದ ಸಾವಿರಕ್ಕೆ ಕೆಂಪವ್ವ ಹೆಸರಿರುವ ಉಳಿತಾಯ ಪತ್ರ ಕೊಂಡು, ವಾರಸುದಾರಳೆಂದು ಮಗಳ ಹೆಸರು ಬರೆಸಿದಳು. ಆ ಸಂಜೆ ಯಾಕೂಬ ಅಂಗಡಿ ಬೇಗ ಮುಚ್ಚಿ ಅಪ್ಪಾಸಾಬರ ಜೊತೆ ವಖಾರಕ್ಕೆ ಹೋದ. ಅಂಗಳದ ತುಂಬ ಹೆಂಗಸರು ಗಂಟು, ಡಬ್ಬಿ, ಕೈಚೀಲ ಹಿಡಿದು ಕೂತಿದ್ದರು. ಮೊದಲನೆಯವಳು ಮಡಚಿದ ಕಾಗದವೊಂದನ್ನು ಬಿಚ್ಚಿ ಮುಂದೆ ಚಾಚಿದಳು.

"ಇದರಾಗ ನನ್ನ ಹೆಸರ ಐತೇನ್ರಿ?"