ಬುಗುರಿ, ಅಪ್ಪ ಮತ್ತು ಒಂಬತ್ತು ಬುಟ್ಟಿಗಳು

‘ಟಕ್!’

ಬುಗುರಿ ಎಸೆದ ಡಿಸ್ಕ್ ಮತ್ತೆ ಮರಕ್ಕೆ ಬಡಿಯಿತು. ಬಡಿದದ್ದು ಸಾಲದೆಂಬಂತೆ ಹಿಂದಕ್ಕೆ ಪುಟಿದು, ಉರುಳಿಕೊಂಡು ಬಂದು, ಅವಳ ಕಾಲ ಬುಡದಲ್ಲೇ ಮಲಗಿತು.

"ನಾನ್ ಹೇಳ್ದೆ ತಾನೆ! ಭುಜ ಮೊದಲೇ ತಿರುಗಿಸ್ಬಿಟ್ಟೆ," ಎಂದ ಅಪ್ಪ.

ಬುಗುರಿ ಹಲ್ಲು ಕಚ್ಚಿಕೊಂಡಳು. ಇದು ಮೂರನೇ ಬುಟ್ಟಿ. ಇನ್ನೂ ಆರು ಬಾಕಿ ಇವೆ!

ಅದು ಮಕ್ಕಳೂ ಹೆತ್ತವರೂ ಜೋಡಿಯಾಗಿ ಆಡುವ ಡಿಸ್ಕ್ ಗಾಲ್ಫ್ ಪಂದ್ಯ. ಸಣ್ಣ ತಟ್ಟೆಯಂಥ ಪ್ಲಾಸ್ಟಿಕ್ ಡಿಸ್ಕನ್ನು ಎಸೆದೆಸೆದು, ದೂರದ ಕಂಬಕ್ಕೆ ಕೂರಿಸಿದ ಕಬ್ಬಿಣದ ಬುಟ್ಟಿಯೊಳಗೆ ಬೀಳಿಸಬೇಕು. ಬುಟ್ಟಿಯ ಮೇಲೆ ಸರಪಳಿಗಳು ಜೋತಾಡುತ್ತಿರುತ್ತವೆ. ಡಿಸ್ಕ್ ಅವಕ್ಕೆ ತಗುಲಿ ಝಲ್ ಎಂದು ಒಳಗೆ ಬಿದ್ದರೆ ಆ ಬುಟ್ಟಿ ಮುಗಿದಂತೆ. ಒಂದು ಸಲ ಮಗು ಎಸೆದರೆ, ಡಿಸ್ಕ್ ಬಿದ್ದ ಜಾಗದಿಂದಲೇ ಮುಂದಿನ ಸಲ ದೊಡ್ಡವರು ಎಸೆಯಬೇಕು. ಒಟ್ಟು ಎಸೆತ ಕಡಿಮೆ ಇದ್ದಷ್ಟೂ ಒಳ್ಳೆಯದು. ಮೊದಲ ನಾಲ್ಕು ಜೋಡಿಗಳಿಗೆ ಮುಂದಿನ ತಿಂಗಳ ದೊಡ್ಡ ಪಂದ್ಯದಲ್ಲಿ ಆಡುವ ಅವಕಾಶ.

ಆ ನಾಲ್ಕರಲ್ಲಿ ತಾನೂ ಇರುತ್ತೇನೆ ಎಂದು ಬುಗುರಿ ಇಡೀ ಕ್ಲಾಸಿಗೆ ಹೇಳಿಕೊಂಡು ಬಂದಿದ್ದಳು. ಸ್ಕೂಲ್ ಗ್ರೌಂಡಿನಲ್ಲಿ ಅವಳನ್ನು ಸೋಲಿಸುವವರೇ ಇರಲಿಲ್ಲ. ಗಿರ್ರನೆ ಒಂದು ಸುತ್ತು ತಿರುಗಿ ಎಸೆದಳೆಂದರೆ ಡಿಸ್ಕ್ ಗೋಡೆಯವರೆಗೂ ಹೋಗುತ್ತಿತ್ತು. ಬುಗುರಿ ಎಂಬ ಹೆಸರು ಬಂದದ್ದೂ ಹಾಗೆಯೇ.

ಆದರೆ ಇದು ಕಾಡು. ಎತ್ತ ನೋಡಿದರೂ ಮರ. ಬುಟ್ಟಿ ಎಲ್ಲೋ ಎರಡು ಮರಗಳ ಸಂದಿಯಲ್ಲಿ ಇಷ್ಟೇ ಇಷ್ಟು ಕಾಣುತ್ತದೆ. ಗಿರ್ರನೆ ತಿರುಗೋಣವೆಂದರೆ ಕೈ ಕೊಂಬೆಗೆ ತಾಗುತ್ತದೆ.

ಮರಗಳ ಕಾಟ ಸಾಲದು ಎಂದು ಅಪ್ಪನ ಕಾಟ ಬೇರೆ!

ಅಪ್ಪ ಡ್ರೈವಿಂಗ್ ಕಲಿಸುವ ಮೇಷ್ಟ್ರು. ದಿನವಿಡೀ ಕಾರಿನ ಎಡಗಡೆ ಸೀಟಿನಲ್ಲಿ ಕುಳಿತು, ಕಲಿಯುವವರಿಗೆ ಹೇಳಿ ಹೇಳಿ ಅದೇ ಅಭ್ಯಾಸವಾಗಿಬಿಟ್ಟಿದೆ. ಬುಗುರಿ ಡಿಸ್ಕ್ ಹಿಡಿದರೆ ಸಾಕು, ಶುರು.

"ಆತುರ ಬೇಡ. ಮುಂದೆ ನೋಡು. ಮೊಣಕೈ ನೆಟ್ಟಗೆ. ಭುಜ ಆಮೇಲೆ..."

ಡಿಸ್ಕ್ ಮರದ ಕಡೆಗೆ ಹೋದಾಗಲಂತೂ ಅಪ್ಪನ ಬಲಗಾಲು ತಾನಾಗಿಯೇ ನೆಲವನ್ನು ಗಟ್ಟಿಯಾಗಿ ಒತ್ತುತ್ತಿತ್ತು.

"ಅಂಕಲ್ ಬ್ರೇಕ್ ಹಾಕ್ತಿದಾರೆ ಕಣೇ!" ಎಂದು ಸೋಡಾಬುಡ್ಡಿ ಕಿಸಕ್ಕನೆ ನಕ್ಕಳು. ಅವಳು ಬುಗುರಿಯ ಕ್ಲಾಸಿನವಳೇ, ದಪ್ಪ ಕನ್ನಡಕದವಳು. ಅವಳೂ ಹಲ್ಲಿನ ಡಾಕ್ಟರ್ ಆದ ಅವಳ ಅಮ್ಮನೂ ಇವರ ಜೊತೆಯಲ್ಲೇ ಆಡುತ್ತಿದ್ದರು. ಅವರ ಡಿಸ್ಕ್ ಮಾತ್ರ ಯಾವ ಮರಕ್ಕೂ ತಾಗದೆ, ದಾರಿ ಗೊತ್ತಿರುವ ಹಕ್ಕಿಯ ಹಾಗೆ ಹೋಗುತ್ತಿತ್ತು.

ಬುಗುರಿಗೆ ಕಿವಿಯೆಲ್ಲ ಬಿಸಿಯಾಯಿತು.

ನಾಲ್ಕನೇ ಬುಟ್ಟಿಯಲ್ಲಿ ಅಪ್ಪ ಎಸೆದದ್ದು ಮುಳ್ಳಿನ ಪೊದೆಗೆ ಹೋಯಿತು. ತೆಗೆಯಲು ಹೋಗಿ ಅಂಗಿಯ ತೋಳು ಹರಿದುಕೊಂಡ. ಐದನೆಯದರಲ್ಲಿ ಡಿಸ್ಕ್ ತೊರೆಗೆ ಬಿತ್ತು. ಬುಗುರಿ ಶೂ ಬಿಚ್ಚಿ ನೀರಿಗಿಳಿದು ತಂದಳು. ಆರನೆಯದರಲ್ಲಿ ಅಪ್ಪ ಎಡಕ್ಕೆ ಗುರಿ ಇಟ್ಟ, ಡಿಸ್ಕ್ ಬಲಕ್ಕೆ ಹೋಯಿತು. ಅಲ್ಲಿಂದ ಬುಟ್ಟಿಯೇ ಕಾಣಿಸುತ್ತಿರಲಿಲ್ಲ. ಹಾಗಿದ್ದರೂ ಹಿಂದಿನಿಂದ ಅದೇ ರಾಗ: "ಭುಜ ಆಮೇಲೆ, ಭುಜ ಆಮೇಲೆ!"

ಏಳನೆಯದಕ್ಕೆ ಬುಗುರಿ ನಿಂತಾಗ ಅಪ್ಪ ಹತ್ತಿರ ಬಂದ. "ಇಲ್ಲಿ ನೋಡು ಮಗಳೇ, ಎಡಗಡೆ ಸಂದಿ ಇದೆಯಲ್ಲ, ಆತುರ ಮಾಡ್ದೆ, ಮೊಣಕೈ..."

"ಅಪ್ಪಾ! ಒಂದೇ ಒಂದು ನಿಮಿಷ ಬಾಯಿ ಮುಚ್ಕೊಂಡಿರ್ತೀಯಾ? ನೀನೇನ್ ದೊಡ್ಡ ಚಾಂಪಿಯನ್ನಾ? ನಿನ್ನ ಒಂದು ಡಿಸ್ಕಾದ್ರೂ ನೆಟ್ಟಗೆ ಹೋಗಿದ್ಯಾ?"

ಕಾಡಿಗೆಲ್ಲ ಕೇಳಿಸಿತು. ಸೋಡಾಬುಡ್ಡಿ ನಗಲಿಲ್ಲ. ಅವಳ ಅಮ್ಮ ಬಗ್ಗಿ, ಸರಿಯಾಗೇ ಕಟ್ಟಿದ್ದ ಶೂ ಲೇಸನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದರು.

"ಸರಿ," ಎಂದ ಅಪ್ಪ. ನಾಲ್ಕು ಹೆಜ್ಜೆ ಹಿಂದೆ ಹೋಗಿ ನಿಂತ.

ಬುಗುರಿ ಉಸಿರೆಳೆದುಕೊಂಡು ಎಸೆದಳು.

‘ಟಕ್!’

ಅವಳು ರಪ್ಪನೆ ಹಿಂದೆ ತಿರುಗಿದಳು. ಅಪ್ಪ ತುಟಿ ಬಿಗಿಹಿಡಿದು ನೆಲ ನೋಡುತ್ತಿದ್ದ. ಬೈಯೋಣವೆಂದರೆ ಅವನು ಏನೂ ಹೇಳಿಯೇ ಇರಲಿಲ್ಲ. ಅದು ಇನ್ನೂ ಸಿಟ್ಟು ಬರಿಸಿತು.

ಎಂಟನೇ ಬುಟ್ಟಿ ಮುಗಿಯುವವರೆಗೂ ಅಪ್ಪ ನಾಲ್ಕು ಹೆಜ್ಜೆ ಹಿಂದೆಯೇ ನಡೆದ. ಲೆಕ್ಕ ಬರೆಯುತ್ತಿದ್ದ ಸೋಡಾಬುಡ್ಡಿಯ ಅಮ್ಮ ಕಾರ್ಡ್ ನೋಡಿ, ಮೆಲ್ಲಗೆ, "ಪುಟ್ಟಾ, ಇನ್ನು ನಾಲ್ಕರೊಳಗೆ ಬರೋದು ಕಷ್ಟ ಕಣಮ್ಮ," ಎಂದರು. ಬುಗುರಿಗೂ ಅದು ಗೊತ್ತಿತ್ತು. ನಾಳೆ ಕ್ಲಾಸಿನಲ್ಲಿ ಏನು ಹೇಳುವುದೆಂದೇ ಅವಳು ಯೋಚಿಸುತ್ತಿದ್ದಳು.

ಒಂಬತ್ತನೆಯದು ಕೊನೆಯ ಬುಟ್ಟಿ. ಆಟ ಮುಗಿಸಿದವರೆಲ್ಲ ಅದರ ಸುತ್ತ ನಿಂತು ನೋಡುತ್ತಿದ್ದರು. ಬುಗುರಿಯ ಎಸೆತ ಒಂದು ಕವಲು ಮರದ ಹಿಂದೆ ಹೋಗಿ ಬಿತ್ತು. ಈಗ ಅಪ್ಪನ ಸರದಿ.

ಇಷ್ಟು ಹೊತ್ತೂ ಅಪ್ಪ ಎಸೆಯುವಾಗ ಅವಳು ಬುಟ್ಟಿಯ ಕಡೆಗೇ ನೋಡುತ್ತಿದ್ದಳು. ಈ ಸಲ ಬುಟ್ಟಿ ನೋಡಿ ಏನಾಗಬೇಕಿದೆ ಎಂದುಕೊಂಡು ಮರಕ್ಕೆ ಒರಗಿ ನಿಂತಳು. ಅಪ್ಪ ಎರಡೇ ಮಾರು ದೂರದಲ್ಲಿದ್ದ.

ಅವನು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಡಿಸ್ಕ್ ಹಿಡಿದ. ಮತ್ತೆ ಒರೆಸಿಕೊಂಡ. ಜನರ ಕಡೆಗೊಮ್ಮೆ ನೋಡಿದ. ಅವನ ತುಟಿ ಅಲುಗುತ್ತಿತ್ತು.

ಬುಗುರಿ ಕಿವಿಗೊಟ್ಟಳು.

"ಆತುರ ಬೇಡ... ಆತುರ ಬೇಡ... ಮೊಣಕೈ ನೆಟ್ಟಗೆ... ಭುಜ ಆಮೇಲೆ..."

ಡಿಸ್ಕಿನ ಮೇಲೆ ಅವನ ಬೆರಳುಗಳ ಬೆವರಿನ ಗುರುತು ಮೂಡಿತ್ತು. ಲಾರಿಗಳ ನಡುವೆ, ಸ್ಟೀರಿಂಗ್ ಹಿಡಿಯಲೂ ಬಾರದವರ ಪಕ್ಕದಲ್ಲಿ ಆರಾಮಾಗಿ ಕೂರುವವನು ಇವನೇ!

ಅಪ್ಪ ಎಸೆದ. ಡಿಸ್ಕ್ ಕವಲಿನಲ್ಲಿ ತೂರಿತು. ಆಮೇಲೆ ಇನ್ನೊಂದು ಮರವನ್ನು ಸವರಿ, ಅರ್ಧ ದಾರಿಯಲ್ಲೇ ಬಿತ್ತು. ಗುಂಪಿನಲ್ಲಿ ಯಾರೋ ನಕ್ಕರು. ಅಪ್ಪನೂ ನಗುವ ಹಾಗೆ ಮಾಡಿದ.

ಬುಗುರಿ ಡಿಸ್ಕ್ ಬಿದ್ದಲ್ಲಿಗೆ ಹೋಗಿ ನಿಂತಳು. ಅಪ್ಪ ಹಿಂದೆಯೇ ಬಂದು, ನಾಲ್ಕು ಹೆಜ್ಜೆ ದೂರದಲ್ಲೇ ನಿಂತ. ಬಾಯಿ ತೆರೆದ. ಮುಚ್ಚಿಕೊಂಡ.

"ಹೇಳಪ್ಪಾ," ಎಂದಳು ಬುಗುರಿ.

"ಏನಿಲ್ಲ. ಇದ್ರಲ್ಲಿ ನಂಗೇನ್ ಗೊತ್ತು?"

"ನಂಗೂ ಗೊತ್ತಾಗ್ತಿಲ್ಲ. ಎಡಗಡೆ ಸಂದೀಲಿ ಹೋಗುತ್ತಾ, ಬಲಗಡೇಲಾ?"

ಅಪ್ಪ ಅವಳ ಪಕ್ಕ ಬಂದು ಮಂಡಿಯೂರಿದ. ಎಲ್ಲರೂ ಕಾಯುತ್ತಿರುವಾಗಲೇ, ಇಬ್ಬರೂ ತಲೆಗೆ ತಲೆ ತಾಗಿಸಿ, ಒಂದೊಂದು ಕಣ್ಣು ಮುಚ್ಚಿಕೊಂಡು, ಮರಗಳ ನಡುವೆ ನೋಡತೊಡಗಿದರು.