ನಾನೂ ಬತ್ತೀನಿ

"ಆ ಅಜ್ಜಿ ಸತ್ತೋಯ್ತಾಳಾ?" ದೀಪಕ್ ಕೇಳಿದ.

"ಯೋಳಲ್ಲ. ಓದ್ಕೋ," ಎಂದಳು ರೋಜಾ, ಓರೆಗಣ್ಣಲ್ಲಿ ನೋಡಿ.

ನಂಜನಗೂಡು ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಇಬ್ಬರ ನಡುವೆ ಆ ಕಾದಂಬರಿ ಇತ್ತು. ತಾಂಡ್ಯದ ಫ್ಯಾಕ್ಟರಿಯಲ್ಲಿ ಊಟದ ಬಿಡುವಿನಲ್ಲಿ ಅವಳು ಓದುತ್ತಿದ್ದಳು, ಅವನು ಮುದ್ದೆ ಆರಿದರೂ ಕೇಳುತ್ತಿದ್ದ. ಅದರಲ್ಲೊಬ್ಬಳು ಅಜ್ಜಿ ದಿನಾ ಹೊಳೆಯ ಕೂದಲು ಬಾಚಿ ಜಡೆ ಹೆಣೆಯುತ್ತಾಳೆ. ಸಿಕ್ಕು ಬಿಡಿಸಿದಾಗ ಸತ್ತವರ ಮಾತುಗಳು ಉದುರುತ್ತವೆ. "ಬರ್ತೀನಿ" ಅನ್ನದೆ "ಹೋಗ್ತೀನಿ" ಎಂದು ಹೊರಟವನ ನೆರಳನ್ನು ಆ ಹೊಳೆ ಇಟ್ಟುಕೊಳ್ಳುತ್ತದೆ. ಆಮೇಲೆ ಸಂಜೆಯಾದರೆ ಒದ್ದೆ ಹೆಜ್ಜೆಗಳು ಮಾತ್ರ ಬಾಗಿಲವರೆಗೆ ಬಂದು ತಿರುಗುತ್ತವೆ.

"ಎಷ್ಟು ಚೆಂದಾಗಿ ಬರ್ದವ್ನೆ. ಸುಳ್ಳು ಅಂತ ಗೊತ್ತು, ಆದ್ರೂ ಕಾಲು ತಣ್ಣಗಾಯ್ತದೆ," ಎನ್ನುತ್ತಿದ್ದ ದೀಪಕ್.

ಇವತ್ತು ಅದು ಸುಳ್ಳು ಅನ್ನಿಸುತ್ತಿರಲಿಲ್ಲ. ಟಿ. ನರಸೀಪುರದಿಂದ ಅವನ ಅಪ್ಪ ಚಿಕ್ಕಸ್ವಾಮಿ ಫೋನ್ ಮಾಡಿದ್ದರು. ಒಬ್ಬನೇ ಬಾ, ಆ ಕೇರಿ ಹುಡುಗಿ ವಿಷಯ ಇವತ್ತೇ ಮುಗಿಸೋಣ ಎಂದಿದ್ದರು. ಬೈದಿರಲಿಲ್ಲ. ಊಟ ಆಯ್ತಾ ಎಂದೂ ಕೇಳಿದ್ದರು. ರೋಜಾಳಿಗೆ ಭಯವಾದದ್ದೇ ಅದಕ್ಕೆ. ದಿನಾ ಬೈಯುವ ಮನುಷ್ಯ ಬೈಯುವುದನ್ನು ಬಿಟ್ಟರೆ, ಏನೋ ತೀರ್ಮಾನ ಆಗಿಬಿಟ್ಟಿದೆ ಎಂದರ್ಥ.

"ನಾನು ಒಪ್ಪಿಸ್ತೀನಿ."

"ಒಪ್ಪೋರು ಒಬ್ಬನೇ ಬಾ ಅಂತಾರಾ?"

ಬಸ್ ಬಂತು. ಅವನು ಗಡಿಬಿಡಿಯಲ್ಲಿ ಪುಸ್ತಕವನ್ನು ಅವಳ ಮಡಿಲಿಗೆ ಹಾಕಿ, "ಸರಿ, ಓಗ್ತೀನಿ ಕಣಮ್ಮಿ," ಎಂದ.

ಕೈಜಾರಿ ಒಡೆದ ಲೋಟವನ್ನು ನೋಡುವಂತೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ಬತ್ತೀನಿ," ಎಂದು ತಿದ್ದಿದ. "ಬತ್ತೀನಿ ರೋಜಾ."

ಸಂಜೆಬಿಸಿಲಿಗೆ ಎಲ್ಲರ ನೆರಳೂ ಉದ್ದಕ್ಕೆ ಚಾಚಿತ್ತು. ಬಸ್ಸಿನ ನೆರಳೊಳಗೆ ಹೊಕ್ಕ ಅವನದು ಮಾತ್ರ ಕಾಣಲಿಲ್ಲ.

"ನಾನೂ ಬತ್ತೀನಿ," ಎಂದಳು.

ಬೀಳ್ಕೊಡುವ ಮಾತೆಂದುಕೊಂಡು ಅವನು ಒಳಗೆ ಸೀಟು ಹಿಡಿದು ಕಿಟಕಿಯಿಂದ ಕೈಬೀಸಿದ. ಬೆಂಚಿನ ಬಳಿ ಅವಳಿರಲಿಲ್ಲ. ಬಸ್ ಹತ್ತಿ ಅವನ ಪಕ್ಕಕ್ಕೇ ಬಂದಿದ್ದಳು.

"ಇಳಿ. ಒಬ್ಬನೇ ಬಾ ಅಂದವ್ರೆ."

"ಸರ್ಕೊ ಆ ಕಡೆ."

"ನಮ್ಮಪ್ಪ ಏನ್ ಮಾಡ್ತರೋ ಗೊತ್ತಿಲ್ಲ."

"ಅದ್ಕೇ ಬಂದಿರೋದು. ಮನೇಲಿ ಕೂತ್ಕೊಂಡು ನಿನ್ನ ಒದ್ದೆ ಹೆಜ್ಜೆ ಒರೆಸೋಕೆ ನನ್ನ ಕೈಲಿ ಆಗಲ್ಲ."

ಅಣ್ಣ ರವಿಕುಮಾರನಿಗೆ ಲೈವ್ ಲೊಕೇಶನ್ ಕಳಿಸಿ ಫೋನ್ ಒಳಗಿಟ್ಟಳು. ಅವನ ಕೈ ತಣ್ಣಗಿತ್ತು. ಹಿಡಿದುಕೊಂಡೇ ಪುಸ್ತಕ ಬಿಡಿಸಿದಳು.

"ಅಜ್ಜಿ ಸತ್ತೋಯ್ತಾಳಾ?" ಅವನು ಮತ್ತೆ ಕೇಳಿದ.

"ಕೊನೇ ಅಧ್ಯಾಯ ಅದೆ. ಊರು ಬರೋದ್ರೊಳಗೆ ಓದ್ಬುಡಣ."

ಕಿಟಕಿಯಾಚೆ ಕಪಿಲೆ ಕಪ್ಪಗೆ, ಸದ್ದಿಲ್ಲದೆ, ಅವರು ಹೊರಟ ಕಡೆಗೇ ಹೊರಟಿದ್ದಳು.